ಪಹಣಿಯ ಬೀಗ ಕಾಯುವವರಿಗೂ ಸಂಬಳ ಬೇಕು, ಸಚಿವರೇ

ಮಾನ್ಯ ಶ್ರೀ ಪ್ರಿಯಾಂಕ್ ಖರ್ಗೆ ಅವರಿಗೆ,
ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್, ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಸಚಿವರು, ಕರ್ನಾಟಕ ಸರ್ಕಾರ



ಗ್ರಾಮ ಪಂಚಾಯಿತಿಯೂ ಐಟಿ-ಬಿಟಿಯೂ ಒಬ್ಬರೇ ಸಚಿವರ ಬಳಿ ಇರುವುದು ಅಪರೂಪ. ಹಾಗಾಗಿಯೇ ಈ ಪತ್ರ ತಮಗೆ. ನಾನು ದೊಡ್ಡಬಳ್ಳಾಪುರದವನು. ಹಗಲು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ರಾತ್ರಿ ಮತ್ತು ರಜೆಯ ದಿನಗಳಲ್ಲಿ ಓಪನ್ ಸೋರ್ಸ್ ಕ್ರಿಪ್ಟೋಗ್ರಫಿ ಲೈಬ್ರರಿಗಳಲ್ಲಿ ಬಗ್ ಹುಡುಕುವ, ಸರಿಪಡಿಸುವ, ಕೋಡ್ ಗಟ್ಟಿ ಮಾಡುವ ನೂರಾರು ಜನರಲ್ಲಿ ನಾನೂ ಒಬ್ಬ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ: ರಾಜ್ಯದ ಆನ್‌ಲೈನ್ ಸೇವೆಗಳೆಲ್ಲ ಯಾವ ಲೈಬ್ರರಿಗಳನ್ನು ನಂಬಿಕೊಂಡಿವೆಯೋ ಅವುಗಳ ದುರಸ್ತಿಗೆ ಕರ್ನಾಟಕ ಸರ್ಕಾರ ಹಣ ಕೊಡಬೇಕು. ಆ ಕೆಲಸಕ್ಕೆಂದೇ ಸಂಬಳ ಕೊಟ್ಟು ಜನರನ್ನು ನೇಮಿಸಬೇಕು.

ನಮ್ಮ ಜಿಲ್ಲೆಯಲ್ಲಿ ಜಮೀನಿನ ದಾಖಲೆಗೆ ಎಂಥ ಬೆಲೆ ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಗುಂಟೆ ಗುಂಟೆಗೂ ದಲ್ಲಾಳಿಗಳು ಬಂದು ನಿಂತರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು, ಸರ್ಕಾರ ಸ್ವಾಧೀನಕ್ಕೆ ಹೊರಟಿದ್ದ 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರವೇ ಸ್ವಾಧೀನವನ್ನು ಕೈಬಿಟ್ಟಿತು. ಅವರು ಉಳಿಸಿಕೊಂಡ ನೆಲದ ಹಕ್ಕು ಇಂದು ಎಲ್ಲಿದೆ? ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ, ಅದು ಕಂಪ್ಯೂಟರ್ ದಾಖಲೆ. ಪಂಚಾಯಿತಿಯಲ್ಲಿ ನಮೂನೆ 9, ನಮೂನೆ 11 ಬೇಕೆಂದರೆ ಪಿಡಿಒ ತಮ್ಮ ಡಿಜಿಟಲ್ ಸಹಿಯ ಡೋಂಗಲ್ ಸಿಕ್ಕಿಸಿ ಇ-ಸ್ವತ್ತು ತಂತ್ರಾಂಶದಲ್ಲಿ ಸಹಿ ಹಾಕಬೇಕು. ಕ್ರಯಪತ್ರದ ನೋಂದಣಿ ಕಾವೇರಿ ತಂತ್ರಾಂಶದಲ್ಲಿ. ಇವೆಲ್ಲ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಯಾರೂ ಓದದಂತೆ, ತಿದ್ದದಂತೆ, ಸಹಿ ನಕಲು ಮಾಡದಂತೆ ಕಾಯುವುದು ಗಣಿತದ ಬೀಗ. ಆ ಬೀಗದ ಕೋಡೇ ಕ್ರಿಪ್ಟೋಗ್ರಫಿ ಲೈಬ್ರರಿ.

ನಾಡಕಚೇರಿಯ ಕೌಂಟರಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಗೊತ್ತಿರುವ ಮಾತು 'ಸರ್ವರ್ ಡೌನ್'. ಅದು ಕಣ್ಣಿಗೆ ಕಾಣುವ ತೊಂದರೆ, ಜನ ಜಗಳ ಮಾಡುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ, ಸರಿಯಾಗುತ್ತದೆ. ಲೈಬ್ರರಿಯ ಬಗ್ ಹಾಗೆ ಕೂಗಿ ಹೇಳುವುದಿಲ್ಲ. ಸರ್ವರ್ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಪಹಣಿ ಬರುತ್ತಿರುತ್ತದೆ, ಒಳಗಿನ ಗುಟ್ಟು ಸೋರುತ್ತಿರುತ್ತದೆ.

2014ರ ಏಪ್ರಿಲ್ 7ರಂದು ಹೊರಬಿದ್ದ ಹಾರ್ಟ್‌ಬ್ಲೀಡ್ ಬಗ್ ಇದಕ್ಕೆ ದೊಡ್ಡ ಉದಾಹರಣೆ. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ. ಇಂಟರ್ನೆಟ್ಟಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಇಂಥ ಲೈಬ್ರರಿಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಮುಂಚೂಣಿಯದು. ನಮ್ಮ ಹಳ್ಳಿಗಳಲ್ಲಿ ಎಲ್ಲರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗಿನ ಬೋರಿಂಗ್‌ಎಸ್‌ಎಸ್‌ಎಲ್ ಕೂಡ ಅದರಿಂದಲೇ ಕವಲೊಡೆದದ್ದು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎರಡು ಯಂತ್ರಗಳು ಸಂಪರ್ಕ ಜೀವಂತವಿದೆಯೇ ಎಂದು ಪರಸ್ಪರ ಕೇಳಿಕೊಳ್ಳುವ ಒಂದು ಸಣ್ಣ ಏರ್ಪಾಡು ಇತ್ತು. ಒಂದು ಯಂತ್ರ ನಾಲ್ಕಾರು ಅಕ್ಷರ ಕಳಿಸಿ, 'ಇದು ಇಷ್ಟು ಉದ್ದ ಇದೆ, ವಾಪಸು ಕಳಿಸು' ಎನ್ನುತ್ತದೆ; ಇನ್ನೊಂದು ವಾಪಸು ಕಳಿಸುತ್ತದೆ. ಕೋಡ್ ಆ 'ಇಷ್ಟು ಉದ್ದ' ಎಂಬ ಮಾತನ್ನು ಪರೀಕ್ಷಿಸದೆ ನಂಬಿತ್ತು. ಒಂದೇ ಅಕ್ಷರ ಕಳಿಸಿ 64 ಸಾವಿರ ಎಂದು ಸುಳ್ಳು ಹೇಳಿದರೆ, ಸರ್ವರ್ ಆ ಒಂದು ಅಕ್ಷರದ ಜೊತೆಗೆ ತನ್ನ ಮೆಮೊರಿಯಲ್ಲಿ ಪಕ್ಕದಲ್ಲೇನಿದೆಯೋ ಅದನ್ನೂ ತುಂಬಿ ಕಳಿಸುತ್ತಿತ್ತು. ಯಾರದೋ ಪಾಸ್‌ವರ್ಡ್, ಯಾರದೋ ಅರ್ಜಿ, ಒಮ್ಮೊಮ್ಮೆ ಸರ್ವರಿನ ಖಾಸಗಿ ಕೀಲಿಯೇ. ಲಾಗ್‌ನಲ್ಲಿ ಗುರುತೂ ಉಳಿಯುತ್ತಿರಲಿಲ್ಲ. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಕೋಡ್ ಎರಡು ವರ್ಷ ಹಾಗೆಯೇ ಓಡಿತು. ಕೆನಡಾದ ತೆರಿಗೆ ಇಲಾಖೆ ತನ್ನ ಆನ್‌ಲೈನ್ ಸೇವೆಯನ್ನೇ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಸುಮಾರು 900 ನಾಗರಿಕರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾಗಿದ್ದವು.

ದುರಸ್ತಿ ಎಷ್ಟು ದೊಡ್ಡದಿತ್ತು ಗೊತ್ತೇ? ಹೇಳಿದ ಉದ್ದ ಬಂದ ಉದ್ದಕ್ಕಿಂತ ಹೆಚ್ಚಿದ್ದರೆ ಸುಮ್ಮನೆ ಬಿಟ್ಟುಬಿಡು ಎನ್ನುವ ಕೆಲವೇ ಸಾಲು.

ಆಗ ಹೊರಬಿದ್ದ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಜಗತ್ತಿನ ಬ್ಯಾಂಕುಗಳು, ಸರ್ಕಾರಗಳು, ಅಂಗಡಿಗಳು ನಂಬಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಅದಕ್ಕೇ ಕೂತಿದ್ದವರು ಒಬ್ಬರು. ಬಳಸಿದವರು ಕೋಟಿಗಟ್ಟಲೆ, ಕೊಟ್ಟವರು ಬೆರಳೆಣಿಕೆಯಷ್ಟು. ಹಗರಣವಾದ ಮೇಲೆ ದೊಡ್ಡ ಕಂಪನಿಗಳು ಎಚ್ಚೆತ್ತು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಹೂಡಿದವು. ಇಂದು ಓಪನ್‌ಎಸ್‌ಎಸ್‌ಎಲ್‌ನ ಸ್ಥಿತಿ ಮೊದಲಿಗಿಂತ ಎಷ್ಟೋ ಮೇಲು. ಅದರ ಪಕ್ಕದಲ್ಲೇ ಇರುವ ಸಣ್ಣ ಸಣ್ಣ ಲೈಬ್ರರಿಗಳ ಪಾಡು ಮಾತ್ರ 2014ರಲ್ಲಿ ಇದ್ದಂತೆಯೇ ಇದೆ.

ಈ ಕೆಲಸ ಬಿಡುವಿನ ವೇಳೆಯಲ್ಲಿ ಆಗುವಂಥದ್ದಲ್ಲ ಎಂದು ಮಾಡುತ್ತಿರುವ ನನಗೇ ಗೊತ್ತು. ಒಂದು ಉದಾಹರಣೆ ಕೊಡುತ್ತೇನೆ. ಗುಟ್ಟಿನ ಕೀಲಿಯನ್ನು ಬಳಸಿ ಮುಗಿದ ಮೇಲೆ ಮೆಮೊರಿಯಿಂದ ಅಳಿಸಬೇಕು. ಅದಕ್ಕೆ ನಾವು ಆ ಜಾಗಕ್ಕೆ ಸೊನ್ನೆ ತುಂಬುವ ಒಂದು ಸಾಲು ಬರೆಯುತ್ತೇವೆ. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಆ ಸಾಲನ್ನು ನೋಡಿ, ಇಲ್ಲಿ ತುಂಬಿದ್ದನ್ನು ಮುಂದೆ ಯಾರೂ ಓದುವುದೇ ಇಲ್ಲವಲ್ಲ, ವೃಥಾ ಕೆಲಸ ಎಂದು ವೇಗದ ಸಲುವಾಗಿ ತೆಗೆದುಹಾಕಬಹುದು. ನಾವು ಬರೆದ ಫೈಲಿನಲ್ಲಿ ಸಾಲು ಇದೆ, ಓಡುವ ಪ್ರೋಗ್ರಾಮಿನಲ್ಲಿ ಇಲ್ಲ! ಕೀಲಿ ಮೆಮೊರಿಯಲ್ಲೇ ಬಿದ್ದಿರುತ್ತದೆ, ಇನ್ನೊಂದು ಹಾರ್ಟ್‌ಬ್ಲೀಡ್‌ಗೆ ಕಾಯುತ್ತ. ಹೀಗಾಗಬಾರದೆಂದೇ ಓಪನ್‌ಎಸ್‌ಎಸ್‌ಎಲ್ ಅಳಿಸುವುದಕ್ಕೆ ತನ್ನದೇ ಪ್ರತ್ಯೇಕ ಫಂಕ್ಷನ್ ಇಟ್ಟುಕೊಂಡಿದೆ. ಎಲ್ಲ ಲೈಬ್ರರಿಗಳಲ್ಲೂ ಎಲ್ಲ ಕಡೆಯೂ ಅಂಥದ್ದನ್ನು ಬಳಸಿದ್ದಾರೆಯೇ? ಯಂತ್ರಭಾಷೆಯ ಸಾಲುಗಳನ್ನು ಬಿಚ್ಚಿ ಓದಿ ನೋಡಬೇಕು. ಕಂಪೈಲರಿನ ಹೊಸ ಆವೃತ್ತಿ ಬಂದಾಗ ಮತ್ತೆ ನೋಡಬೇಕು. ಇದಕ್ಕೆ ಚಪ್ಪಾಳೆ ಇಲ್ಲ, ಉದ್ಘಾಟನೆ ಇಲ್ಲ.

ಇನ್ನೊಂದು ತೊಡಕು ಸಮಯದ್ದು. ಎರಡು ಗುಟ್ಟಿನ ಅಕ್ಷರಮಾಲೆಗಳನ್ನು ಹೋಲಿಸುವ ಸಾಮಾನ್ಯ ಕೋಡ್ ಮೊದಲ ವ್ಯತ್ಯಾಸ ಕಂಡಲ್ಲೇ ನಿಂತುಬಿಡುತ್ತದೆ. ಎಷ್ಟು ಹೊತ್ತಿಗೆ ನಿಂತಿತು ಎಂದು ಹೊರಗಿನಿಂದ ಅಳೆದವರಿಗೆ ಎಷ್ಟು ಅಕ್ಷರ ಸರಿಯಾಗಿತ್ತು ಎಂದು ತಿಳಿಯುತ್ತದೆ. ಹೀಗೆ ಹೊತ್ತನ್ನು ಅಳೆದು ಗುಟ್ಟು ತಿಳಿಯುವ ದಾಳಿ ಸಾಧ್ಯವೆಂದು ತಜ್ಞ ಪಾಲ್ ಕೋಚರ್ 1996ರಲ್ಲೇ ತೋರಿಸಿದ್ದರು. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಬ್ರಮ್ಲಿ ಮತ್ತು ಬೋನೆ, ಬರೀ ಉತ್ತರ ಬರುವ ಹೊತ್ತನ್ನು ಅಳೆದು, ನೆಟ್‌ವರ್ಕಿನ ಮೇಲಿಂದಲೇ ಓಪನ್‌ಎಸ್‌ಎಸ್‌ಎಲ್ ಸರ್ವರಿನ ಕೀಲಿಯನ್ನು ಕಂಡುಹಿಡಿದರು. ಆಮೇಲೆ 2013ರಲ್ಲಿ 'ಲಕ್ಕಿ ಥರ್ಟೀನ್' ಎಂಬ ಇದೇ ಜಾತಿಯ ದೋಷ ಹೊರಬಂತು. ನಿಪುಣರು ಕೂತು ಸರಿಪಡಿಸಿದರು. ಆ ದುರಸ್ತಿಯ ವೇಳೆಯಲ್ಲೇ ಒಂದು ಪರೀಕ್ಷೆ ಕೈತಪ್ಪಿ ಇನ್ನೊಂದು ದೋಷ ಹುಟ್ಟಿತ್ತು ಎಂಬುದು ಗೊತ್ತಾದದ್ದು 2016ರಲ್ಲಿ. ನಿಪುಣರಿಗೂ ಹೀಗಾಗುತ್ತದೆ. ಬರೆಯುವವರ ಜೊತೆಗೆ ಓದಿ ಪ್ರಶ್ನಿಸುವವರು, ಪರೀಕ್ಷಾ ಕೋಡ್ ಬರೆಯುವವರು, ಹಾಳು ಡೇಟಾ ಸುರಿದು ಕೋಡ್ ಎಲ್ಲಿ ಕುಸಿಯುತ್ತದೆ ಎಂದು ಹಗಲಿರುಳು ನೋಡುವವರು ಬೇಕು. ಅವರಿಗೆ ಹೊಟ್ಟೆಪಾಡಿನ ಚಿಂತೆ ಇರಕೂಡದು.

ಸದುದ್ದೇಶದ ತಿದ್ದುಪಡಿಯೂ ಮುಳುವಾದೀತು. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಅದೇ 2008ರ ಮೇ ತಿಂಗಳಲ್ಲಿ ಡೆಬಿಯನ್ ಲಿನಕ್ಸ್‌ನವರು ಒಂದು ಎಚ್ಚರಿಕೆ ಹೊರಡಿಸಿದರು. ಪರೀಕ್ಷಾ ಸಾಧನವೊಂದು ತಕರಾರು ತೆಗೆಯಿತೆಂದು 2006ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಿಂದ ತಾವೇ ಕೆಲವು ಸಾಲುಗಳನ್ನು ತೆಗೆದದ್ದು ಕೀಲಿಯ ಯಾದೃಚ್ಛಿಕತೆಯನ್ನೇ ಕೊಂದಿತ್ತು. ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ, ಹುಟ್ಟಬಹುದಾದ ಬೇರೆ ಬೇರೆ ಕೀಲಿಗಳು 32,767 ಮಾತ್ರ. ಒಂದು ಸಾಧಾರಣ ಲ್ಯಾಪ್‌ಟಾಪ್ ಅಷ್ಟನ್ನೂ ಬೇಗನೆ ಪ್ರಯತ್ನಿಸಿ ನೋಡಬಲ್ಲದು.

ಇನ್ನು 2024ರ ಎಕ್ಸ್‌ಜೆಡ್ ಪ್ರಕರಣ. ಎಕ್ಸ್‌ಜೆಡ್ ಕ್ರಿಪ್ಟೋ ಲೈಬ್ರರಿ ಅಲ್ಲ, ಫೈಲ್ ಕುಗ್ಗಿಸುವ ಸಾಧನ. ವರ್ಷಗಟ್ಟಲೆ ಸಂಬಳವಿಲ್ಲದೆ ಅದನ್ನು ನೋಡಿಕೊಂಡು ದಣಿದ ಒಬ್ಬರನ್ನು ಒತ್ತಾಯಿಸಿ, ಸಹಾಯಕನ ವೇಷದಲ್ಲಿ ಒಳನುಗ್ಗಿದವರು ಲಿನಕ್ಸ್ ಸರ್ವರುಗಳಿಗೆ ಕಳ್ಳದಾರಿ ಕೂಡಿಸಿದರು. ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕದೆ ಇದ್ದಿದ್ದರೆ ಅದು ಲೋಕವೆಲ್ಲ ಹರಡುತ್ತಿತ್ತು. ಪುಕ್ಕಟೆ ದುಡಿಸಿಕೊಳ್ಳುವ ವ್ಯವಸ್ಥೆಗೆ ತೆರಬೇಕಾದ ಬೆಲೆ ಇದು.

ಇದೆಲ್ಲ ದೂರದ ಕಥೆ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಹಾಗಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು ಬಂದವು. ಅದು ಲೈಬ್ರರಿಯ ಬಗ್ ಆಗಿರಲಿಲ್ಲ, ನಿಜ. ಆದರೆ ಡಿಜಿಟಲ್ ವ್ಯವಸ್ಥೆಯಲ್ಲಿ ಎಲ್ಲಿ ಬಿರುಕು ಬಿಟ್ಟರೂ ಕೊನೆಗೆ ಹಣ ಕಳೆದುಕೊಳ್ಳುವವರು ಯಾರು ಎಂದು ಅದು ತೋರಿಸಿತು. ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಅಜ್ಜಿಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಹೇಳಿದರೆ ಆಕೆ ಏನು ಮಾಡಬೇಕು?

ಈ ಹೊತ್ತಿಗೆ ಇದು ತುರ್ತಾಗಿರುವುದಕ್ಕೆ ಇನ್ನೊಂದು ಕಾರಣವಿದೆ. 2025ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಕ್ವಾಂಟಮ್ ಸಮಾವೇಶದಲ್ಲಿ ಸರ್ಕಾರ 1,000 ಕೋಟಿ ರೂಪಾಯಿಯ ಕ್ವಾಂಟಮ್ ಮಿಷನ್ ಘೋಷಿಸಿತು. ನಮ್ಮ ನೆಲಮಂಗಲಕ್ಕೆ ಹತ್ತಿರದ ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿಗೆ ಜಾಗವನ್ನೂ ಗುರುತಿಸಿದೆ. ಸಂತೋಷ. ಆದರೆ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ ದಿನ ಈಗಿನ ಆರ್‌ಎಸ್‌ಎ ಬೀಗಗಳು ಮುರಿಯುತ್ತವೆ. ಅದಕ್ಕೆಂದೇ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಹೊಸ ಮಾನಕಗಳನ್ನು ಪ್ರಕಟಿಸಿತು, 2025ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.5 ಅವನ್ನು ಸೇರಿಸಿಕೊಂಡಿತು. ಹೊಸ ಗಣಿತ ಎಂದರೆ ಹೊಸ ಕೋಡ್, ಹೊಸ ಕೋಡ್ ಎಂದರೆ ಹೊಸ ಬಗ್. ಹೊಸ ಮಾನಕಗಳಲ್ಲಿ ಒಂದಕ್ಕೆ ಮೂಲವಾದ ವಿಧಾನ ಕೈಬರ್‌ನ ಮಾದರಿ ಕೋಡಿನಲ್ಲೇ 2023ರ ಕೊನೆಗೆ ಇಂಥದ್ದೊಂದು ಸಿಕ್ಕಿತು. ಗುಟ್ಟಿನ ಸಂಖ್ಯೆಯ ಮೇಲೆ ಮಾಡಿದ ಒಂದು ಭಾಗಾಕಾರ ಕೆಲವು ಪ್ರೊಸೆಸರುಗಳಲ್ಲಿ ಸಂಖ್ಯೆಗೆ ತಕ್ಕಂತೆ ಬೇರೆ ಬೇರೆ ಹೊತ್ತು ತೆಗೆದುಕೊಳ್ಳುತ್ತಿತ್ತು, ಅದರಿಂದಲೇ ಕೀಲಿ ಸೋರಬಹುದಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಭೂಮಿ, ಕಾವೇರಿ, ಇ-ಸ್ವತ್ತು ಎಲ್ಲವೂ ಈ ಹೊಸ ಬೀಗಗಳಿಗೆ ಬದಲಾಗಲೇಬೇಕು. ಆಗ ಬಗ್ ಹಿಡಿಯಲು ಬಲ್ಲವರು ನಮ್ಮಲ್ಲಿ ಎಷ್ಟು ಜನ ಇರುತ್ತಾರೆ?

ದಾರಿ ಹೊಸದೇನಲ್ಲ. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಮಾಡಿ ಸರ್ಕಾರದ ಹಣದಿಂದಲೇ ಇಂಥ ಓಪನ್ ಸೋರ್ಸ್ ಯೋಜನೆಗಳನ್ನು ಸಾಕುತ್ತಿದೆ. ನಮ್ಮಲ್ಲೇ, ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ಫ್ಲಾಸ್ ಫಂಡ್ ಘೋಷಿಸಿತು. ಒಂದು ಖಾಸಗಿ ಕಂಪನಿ ತಾನು ಬಳಸುವುದಕ್ಕೆ ಋಣ ತೀರಿಸುತ್ತಿದೆ. ಏಳು ಕೋಟಿ ಜನರ ದಾಖಲೆ ಇಟ್ಟುಕೊಂಡಿರುವ ಸರ್ಕಾರ ಏಕೆ ತೀರಿಸಬಾರದು?

ಐಐಎಸ್‌ಸಿ ಜೊತೆಗೂಡಿ ತಮ್ಮ ಇಲಾಖೆ ನಡೆಸುವ ಸೈಬರ್ ಭದ್ರತೆಯ ಸೈಸೆಕ್ ಕೇಂದ್ರವಿದೆ. ಅಲ್ಲಿ ಹತ್ತು ಜನರ ಒಂದು ತಂಡ ಕಟ್ಟಿ. ಒಬ್ಬೊಬ್ಬರಿಗೆ ವರ್ಷಕ್ಕೆ 40 ಲಕ್ಷವೆಂದರೂ 4 ಕೋಟಿ. 1,000 ಕೋಟಿಯ ಮಿಷನ್‌ಗೆ ಇದು ಭಾರವಲ್ಲ. ಅವರ ಕೆಲಸ ಆ್ಯಪ್ ಮಾಡುವುದಲ್ಲ, ಪೋರ್ಟಲ್ ಮಾಡುವುದೂ ಅಲ್ಲ. ರಾಜ್ಯದ ಸೇವೆಗಳು ಬಳಸುವ ಲೈಬ್ರರಿಗಳನ್ನು ಓದುವುದು, ಪರೀಕ್ಷಿಸುವುದು, ಸರಿಪಡಿಸಿದ್ದನ್ನು ಮೂಲ ಯೋಜನೆಗೇ ಮರಳಿ ಕಳಿಸುವುದು. ದುರಸ್ತಿಯ ಕೋಡನ್ನು, ಅಂದರೆ ಪ್ಯಾಚನ್ನು, ಇಲಾಖೆಯ ಸರ್ವರಿನಲ್ಲಿ ಮಾತ್ರ ಹಾಕಿಕೊಂಡು ಸುಮ್ಮನಾದರೆ ಮುಂದಿನ ಆವೃತ್ತಿಯಲ್ಲಿ ಅದು ಅಳಿಸಿಹೋಗುತ್ತದೆ. ಯಾವ ಸರ್ವರಿನಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿ ಇದೆ ಎಂಬ ಪಟ್ಟಿಯೂ ಆ ತಂಡದ ಬಳಿ ಇರಬೇಕು. ಇಂಥ ಪಟ್ಟಿ ಹೇಗಿರಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲೇ ಮಾರ್ಗಸೂಚಿ ಕೊಟ್ಟಿದೆ. ಹಾಗೆಯೇ ಸರ್ಕಾರಿ ಜಾಲತಾಣದಲ್ಲಿ ದೋಷ ಕಂಡು ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಐಟಿ ಕಾಯ್ದೆಯ 43, 66ನೇ ಸೆಕ್ಷನ್ ಹಾಕುವುದಿಲ್ಲ ಎಂದು ಲಿಖಿತ ಭರವಸೆ ಕೊಡಿ. ಕಂಡದ್ದನ್ನು ಹೇಳಿದರೆ ಕೇಸು ಬಿದ್ದೀತೆಂದು ಹೆದರಿ ಬಾಯಿ ಮುಚ್ಚಿಕೊಂಡ ಹುಡುಗರನ್ನು ನಾನು ಬಲ್ಲೆ.

ದೊಡ್ಡಬಳ್ಳಾಪುರ, ದೇವನಹಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ವಿಟಿಯು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕಡ್ಡಾಯ, ಎಷ್ಟೋ ಮಕ್ಕಳು ಹಣ ಕಟ್ಟಿ ಸರ್ಟಿಫಿಕೇಟ್ ತರುತ್ತಾರೆ. ಆ ತಿಂಗಳುಗಳಲ್ಲಿ ಸೈಸೆಕ್ ತಂಡದ ಕೈಕೆಳಗೆ ನಿಜವಾದ ಲೈಬ್ರರಿಯೊಂದಕ್ಕೆ ಪರೀಕ್ಷಾ ಕೋಡ್ ಬರೆಯಲು ಅವಕಾಶ ಕೊಡಿಸಿ, ಸ್ಟೈಪೆಂಡ್ ಕೊಡಿ. ನಮ್ಮೂರಿನ ಮಗ್ಗದ ಮನೆಯ ಹುಡುಗಿ ಬರೆದ ಪ್ಯಾಚ್ ಲೋಕದ ಸರ್ವರುಗಳಲ್ಲೆಲ್ಲ ಓಡಬಲ್ಲದು. ಆಕೆಯ ಹೆಸರು ಆ ಕೋಡಿನ ಇತಿಹಾಸದಲ್ಲಿ ಶಾಶ್ವತವಾಗಿ ಇರುತ್ತದೆ.

ಮುಂದಿನ ಬಜೆಟ್ ಭಾಷಣದಲ್ಲಿ ಈ ತಂಡಕ್ಕೆ ಒಂದು ಸಾಲು ಸೇರಿಸಲು ಮುಖ್ಯಮಂತ್ರಿಗಳಿಗೆ ತಾವು ಶಿಫಾರಸು ಮಾಡಬೇಕು. ಈ ಕೆಲಸ ಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ. ತಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದೊಡ್ಡಬಳ್ಳಾಪುರದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್