ಕಪ್ಪು ಲೇಖಕರ ಪುಸ್ತಕಗಳು: ಒಬ್ಬ ಓದುಗನ ಅಭಿಪ್ರಾಯ

ಆಫ್ರಿಕನ್ ಮೂಲದ ಲೇಖಕರ ಕೃತಿಗಳಿಗೆ ಈಚಿನ ವರ್ಷಗಳಲ್ಲಿ ಇಂಗ್ಲಿಷ್ ಸಾಹಿತ್ಯಪ್ರಪಂಚದ ದೊಡ್ಡ ಪಾರಿತೋಷಕಗಳು ಒಂದರ ಹಿಂದೊಂದು ಸಂದಿವೆ. ಕೋಲ್ಸನ್ ವೈಟ್‌ಹೆಡ್ ಅವರಿಗೆ 2017ರಲ್ಲಿ ಮತ್ತು 2020ರಲ್ಲಿ ಪುಲಿಟ್ಜರ್. ಬರ್ನರ್ಡೀನ್ ಎವರಿಸ್ಟೊ ಅವರಿಗೆ 2019ರಲ್ಲಿ ಮಾರ್ಗರೆಟ್ ಅಟ್‌ವುಡ್ ಅವರೊಡನೆ ಹಂಚಿಕೆಯಾಗಿ ಬೂಕರ್. ಜಾಂಜಿಬಾರಿನಲ್ಲಿ ಜನಿಸಿದ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ 2021ರಲ್ಲಿ ನೊಬೆಲ್. ಪರ್ಸಿವಲ್ ಎವರೆಟ್ ಅವರಿಗೆ 2025ರಲ್ಲಿ ಪುಲಿಟ್ಜರ್. ನಮ್ಮವರ ನಡುವೆ ಈ ಪುಸ್ತಕಗಳ ಪ್ರಸ್ತಾಪ ಬಂದಾಗಲೆಲ್ಲ ಎರಡು ಬಗೆಯ ಮಾತು ಕೇಳಿಬರುವುದುಂಟು. "ಪಾಪ, ಎಂತೆಂಥ ಕಷ್ಟ ಅನುಭವಿಸಿದ್ದಾರೆ!" ಎಂಬುದು ಒಂದು. "ಅವರ ಗೋಳು ನಮಗೇಕೆ?" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕರುಣೆಯಿದೆ, ಎರಡನೆಯದರಲ್ಲಿ ಬೇಸರವಿದೆ. ಆದರೆ ಪುಸ್ತಕವನ್ನು ಹೊಸ್ತಿಲಾಚೆಯೇ ನಿಲ್ಲಿಸುವುದರಲ್ಲಿ ಎರಡಕ್ಕೂ ಭೇದವಿಲ್ಲ. ಈ ಪುಸ್ತಕಗಳು ನಮ್ಮ ಮನೆಯೊಳಗಿನ ವಿಷಯವನ್ನೇ ಹೇಳುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಮುಂಬಯಿಯ ಕನ್ನಡಿಗನು ಮೊದಲಿಗೆ ಓದಬೇಕಾದುದು ಇಸಬೆಲ್ ವಿಲ್ಕರ್‌ಸನ್ ಅವರ 'ದಿ ವಾರ್ಮ್ತ್ ಆಫ್ ಅದರ್ ಸನ್ಸ್' (2010) ಎಂಬ ಗ್ರಂಥ. ಸುಮಾರು 1915ರಿಂದ 1970ರವರೆಗೆ ಅಮೆರಿಕದ ದಕ್ಷಿಣ ರಾಜ್ಯಗಳ ಹೊಲಗದ್ದೆಗಳನ್ನು ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಹೊರಟುಹೋದ 60 ಲಕ್ಷದಷ್ಟು ಕಪ್ಪು ಜನರ ಚರಿತ್ರೆ ಇದು. ಲೇಖಕಿ 1,200ಕ್ಕೂ ಹೆಚ್ಚು ಮಂದಿಯನ್ನು ಕಂಡು ಮಾತನಾಡಿಸಿ, ಕೊನೆಗೆ ಮೂವರ ಬದುಕನ್ನು ಆರಿಸಿಕೊಂಡು ಕಥೆಯಂತೆ ಹೇಳಿದ್ದಾರೆ. ರೈಲು ಹೋದ ದಾರಿಯಲ್ಲೇ ಜನರೂ ಹೋದರು. ಮಿಸಿಸಿಪಿಯವರು ಶಿಕಾಗೋ ಸೇರಿದರು, ಫ್ಲಾರಿಡಾದವರು ನ್ಯೂಯಾರ್ಕ್ ಸೇರಿದರು. ಮೊದಲು ಹೋದವನು ತಮ್ಮನನ್ನು ಕರೆಸಿಕೊಂಡ, ತಮ್ಮನು ಭಾವನನ್ನು. ನಗರದಲ್ಲಿ ತಮ್ಮ ಊರಿನ ಹೆಸರಿನ ಸಂಘಗಳನ್ನು ಕಟ್ಟಿಕೊಂಡರು. ಕರಾವಳಿಯಿಂದ ಹಡಗು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ನಮ್ಮಲ್ಲಿಯ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆ 1902ರಷ್ಟು ಹಿಂದೆಯೇ ಈ ನಗರದಲ್ಲಿ ಹುಟ್ಟಿಕೊಂಡಿತ್ತು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ನಾವು ಬಂದುದು ಹೊಟ್ಟೆಯ ಪಾಡಿಗೆ. ಅವರಲ್ಲಿ ಅನೇಕರು ಹೊರಟುದು ಪ್ರಾಣಭಯದಿಂದ, ಕೆಲವರಂತೂ ಕದ್ದುಮುಚ್ಚಿ. ಆದರೆ "ನಾವು" ಎಂದಾಗ ಯಾರು ಯಾರು? ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಈ ನಗರದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತವರೂ ಕನ್ನಡಿಗರೇ. ಅವರಲ್ಲಿ ಹಲವರು ಬಿಟ್ಟುಬಂದುದು ಬರಗಾಲವನ್ನಷ್ಟೇ ಅಲ್ಲ, ಊರಿನ ಹೊರಗಿನ ಕೇರಿಯನ್ನೂ. ನಮ್ಮ ವಲಸೆಯ ಚರಿತ್ರೆ ಬರೆಯುವಾಗ ಹೋಟೆಲು ಬರುತ್ತದೆ, ಬ್ಯಾಂಕು ಬರುತ್ತದೆ, ಯಕ್ಷಗಾನ ಬರುತ್ತದೆ; ಇವರು ಬರುವುದು ಅಪರೂಪ. ವಿಲ್ಕರ್‌ಸನ್ ಅವರಂಥ ಲೇಖಕಿಯೊಬ್ಬರು ನಮ್ಮಲ್ಲಿ ಹುಟ್ಟಬೇಕಾಗಿದೆ.

ಅವರದೇ 'ಕಾಸ್ಟ್' (2020) ಹೆಚ್ಚು ಪ್ರಸಿದ್ಧಿ ಪಡೆಯಿತು. ಅಮೆರಿಕದ ವರ್ಣಭೇದ, ನಾಜಿ ಜರ್ಮನಿ ಮತ್ತು ನಮ್ಮ ಜಾತಿಪದ್ಧತಿ, ಈ ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆದ ಪುಸ್ತಕ. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದ ದಲಿತ ಮಕ್ಕಳ ಶಾಲೆಯೊಂದರಲ್ಲಿ ಅವರನ್ನು ಅಮೆರಿಕದ ಅಸ್ಪೃಶ್ಯರೆಂದು ಪರಿಚಯಿಸಿದರಂತೆ. ಮೊದಲು ಅವರಿಗೆ ಕಸಿವಿಸಿಯಾಯಿತು, ಆಮೇಲೆ ಆ ಮಾತನ್ನು ಒಪ್ಪಿಕೊಂಡರು. ಈ ಪ್ರಸಂಗದ ನಿರೂಪಣೆ ಚೆನ್ನಾಗಿದೆ. ಆದರೆ ಭಾರತದ ಮಟ್ಟಿಗೆ ಪುಸ್ತಕ ತೆಳುವೆಂದೇ ನನ್ನ ಅನಿಸಿಕೆ. ಮೇಲಿನವರು, ಕೆಳಗಿನವರು ಎಂಬ ಎರಡು ಅಂತಸ್ತಿನ ಮನೆಯಲ್ಲ ನಮ್ಮದು. ಪ್ರತಿಯೊಂದು ಮೆಟ್ಟಿಲಿನಲ್ಲಿ ನಿಂತವನಿಗೂ ತುಳಿಯಲು ಕೆಳಗೊಂದು ಮೆಟ್ಟಿಲಿದೆ. ಶ್ರೇಣೀಕೃತ ಅಸಮಾನತೆ ಎಂದು ಡಾ. ಅಂಬೇಡ್ಕರ್ ಅವರು ಕರೆದುದು ಇದನ್ನೇ. ಅಲ್ಲದೆ ಈ ಹೋಲಿಕೆಯೇನೂ ಹೊಸದಲ್ಲ. ಜೋತಿಬಾ ಫುಲೆಯವರು 1873ರಲ್ಲಿಯೇ ತಮ್ಮ 'ಗುಲಾಮಗಿರಿ'ಯನ್ನು ದಾಸ್ಯವಿಮೋಚನೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. 1946ರಲ್ಲಿ ಅಂಬೇಡ್ಕರ್ ಅವರು ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜ. ವಿ. ಪವಾರ್ ಮೊದಲಾದವರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರನ್ನು ಎತ್ತಿಕೊಂಡು ದಲಿತ ಪ್ಯಾಂಥರ್ ಕಟ್ಟಿದುದು ಇದೇ ಮುಂಬಯಿಯಲ್ಲಿ. ಅದರ ಮರುವರ್ಷವೇ ಕರ್ನಾಟಕದಲ್ಲಿ ಬಸವಲಿಂಗಪ್ಪನವರ 'ಬೂಸಾ' ಮಾತಿನಿಂದ ಕೋಲಾಹಲವೆದ್ದಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿತು. ಕಪ್ಪು ಲೇಖಕರನ್ನು ಮೆಚ್ಚಿ ಓದುವ ನಮ್ಮ ಎಷ್ಟು ಮನೆಗಳ ಕಪಾಟಿನಲ್ಲಿ ಈ ಪುಸ್ತಕವಿದ್ದೀತು?

ವೃತ್ತಿಯಿಂದ ಬ್ಯಾಂಕಿನವನಾದ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ಟಾ-ನೆಹಿಸಿ ಕೋಟ್ಸ್ ಅವರು 2014ರಲ್ಲಿ 'ಅಟ್ಲಾಂಟಿಕ್' ಪತ್ರಿಕೆಗೆ ಬರೆದ, ನಷ್ಟಪರಿಹಾರವನ್ನು ಕುರಿತ ದೀರ್ಘ ಪ್ರಬಂಧ. ಅದು 2017ರ ಅವರ ಸಂಕಲನದಲ್ಲಿಯೂ ಸೇರಿದೆ. ಅದರಲ್ಲಿ ಚಾಟಿಯೇಟು ಇರುವುದಕ್ಕಿಂತ ಹೆಚ್ಚಾಗಿ ಗೃಹಸಾಲವಿದೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರ ಗೃಹಸಾಲಗಳಿಗೆ ಭದ್ರತೆ ನೀಡತೊಡಗಿದಾಗ ನಗರಗಳ ನಕ್ಷೆಗಳಿಗೆ ಬಣ್ಣ ಬಳಿಯಲಾಯಿತು. ಉತ್ತಮ ಬಡಾವಣೆಗೆ ಹಸಿರು. ಕಪ್ಪು ಜನ ವಾಸಿಸುವ ಬಡಾವಣೆಗೆ ಕೆಂಪು. ಕೆಂಪು ಗೆರೆಯೊಳಗಿನವನ ಸಂಬಳವೆಷ್ಟು, ಹಿಂದಿನ ಕಂತುಗಳನ್ನು ಹೇಗೆ ಕಟ್ಟಿದ್ದಾನೆ ಎಂಬ ವಿಚಾರಣೆಯೇ ಇಲ್ಲ, ಸಾಲವಿಲ್ಲ. ಸಾಲ ಸಿಗದವನು ದಲ್ಲಾಳಿಯ ಕೈಗೆ ಬಿದ್ದ. ಶಿಕಾಗೋದಲ್ಲಿ ಒಬ್ಬಾತ 1961ರಲ್ಲಿ 27,500 ಡಾಲರಿಗೆ ಕೊಂಡ ಮನೆಯನ್ನು ಮಾರಿದವನು ಆರು ತಿಂಗಳ ಹಿಂದೆ ಕೊಂಡಿದ್ದುದು 12,000 ಡಾಲರಿಗೆ. ಪೂರ್ತಿ ಹಣ ತೀರುವವರೆಗೆ ಮನೆ ಕೊಂಡವನ ಹೆಸರಿಗಾಗುವುದಿಲ್ಲ. ನಡುವೆ ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ಅಪಾಯದ ಮೌಲ್ಯಮಾಪನ ಎಂಬ ಸಭ್ಯವಾದ ಶಬ್ದದ ಹಿಂದೆ ಏನೇನು ಅಡಗಿರಬಲ್ಲದು ಎಂಬುದನ್ನು ನಮ್ಮ ವೃತ್ತಿಯ ತರಬೇತಿಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಪ್ರತಿಯೊಬ್ಬ ಬ್ಯಾಂಕ್ ಅಧಿಕಾರಿಯೂ ಈ ಪ್ರಬಂಧವನ್ನು ಒಮ್ಮೆ ಓದಲೇಬೇಕು.

ಅಮೆರಿಕದಲ್ಲಿ 1968ರ ಶಾಸನ ಮನೆಯ ಮಾರಾಟ ಮತ್ತು ಬಾಡಿಗೆಯಲ್ಲಿ ವರ್ಣಭೇದವನ್ನು ನಿಷೇಧಿಸಿತು. ನಮ್ಮಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಹಮದಾಬಾದಿನ ಪಾರ್ಸಿ ಸಹಕಾರಿ ಗೃಹಸಂಘವೊಂದು ತನ್ನ ಸದಸ್ಯತ್ವವನ್ನು ತನ್ನ ಸಮುದಾಯದವರಿಗೇ ಮೀಸಲಿಡುವ ಉಪವಿಧಿಯನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತ ಸಮುದಾಯವೊಂದು ಒಟ್ಟಿಗೆ ಬಾಳಲು ಬಯಸುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಬಾಂದ್ರಾದಿಂದ ಬೊರಿವಲಿಯವರೆಗೆ ಬಾಡಿಗೆಮನೆ ಹುಡುಕಿದವರಿಗೆಲ್ಲ ಆ ಪ್ರಶ್ನೆಗಳು ಗೊತ್ತು. "ಪೂರ್ತಿ ಹೆಸರೇನು?" "ಮಾಂಸಾಹಾರ ಉಂಟೋ?" ಮೀನು ತಿನ್ನುವ ಕರಾವಳಿಯ ಕನ್ನಡಿಗನೂ ಈ ಪ್ರಶ್ನೆಯಿಂದ ನೊಂದವನೇ. ನೊಂದವನೇ ನಾಳೆ ಸ್ವಂತ ಮನೆ ಕೊಂಡು, ಹಳೆಯದನ್ನು ಬಾಡಿಗೆಗೆ ಕೊಡುವಾಗ "ನಮ್ಮವರಿದ್ದರೆ ಹೇಳಿ" ಎಂದು ದಲ್ಲಾಳಿಗೆ ತಿಳಿಸುತ್ತಾನೆ. ಆ "ನಮ್ಮವರು" ಎಂಬುದರ ಅರ್ಥ ಕನ್ನಡಿಗರೆಂದಲ್ಲ ಎಂಬುದು ದಲ್ಲಾಳಿಗೂ ಗೊತ್ತು. ನಕ್ಷೆಯೂ ಇಲ್ಲದೆ, ಕೆಂಪು ಶಾಯಿಯ ಖರ್ಚೂ ಇಲ್ಲದೆ ನಡೆಯುವ ಕೆಲಸ ಇದು.

ಗುರ್ನಾ ಅವರ ಕಾದಂಬರಿಗಳಲ್ಲಿ ನಾವು ಇನ್ನೊಂದು ಬದಿಯಲ್ಲಿ ನಿಂತಿದ್ದೇವೆ. 'ಪ್ಯಾರಡೈಸ್' 1994ರದಾದರೂ ನೊಬೆಲ್ ಬಂದ ಮೇಲೆಯೇ ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯತೊಡಗಿತು. ಹನ್ನೆರಡು ವರ್ಷದ ಯೂಸುಫ್‌ನನ್ನು ತಂದೆ ಸಾಲಕ್ಕೆ ಪ್ರತಿಯಾಗಿ ವರ್ತಕನಿಗೆ ಒಪ್ಪಿಸುತ್ತಾನೆ. ವರ್ತಕನನ್ನು ಚಿಕ್ಕಪ್ಪನೆಂದೇ ತಿಳಿದಿದ್ದ ಹುಡುಗನಿಗೆ ತಾನು ಅಡಮಾನದ ವಸ್ತುವೆಂಬುದು ನಿಧಾನವಾಗಿ ತಿಳಿಯುತ್ತದೆ. ಆ ಕರಾವಳಿಯ ವ್ಯಾಪಾರಕ್ಕೆ ಬಂಡವಾಳ ಒದಗಿಸುತ್ತಿದ್ದವರಲ್ಲಿ ಭಾರತೀಯ ಸಾಹುಕಾರರೂ ಇದ್ದರೆಂಬುದು ಚರಿತ್ರೆ. ಇದನ್ನು ಓದುವಾಗ 'ಚೋಮನ ದುಡಿ' ನೆನಪಾಗದಿರದು. ಅಲ್ಲಿಯೂ ಸಾಲ ತೀರಿಸಲೆಂದೇ ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಕಾರಂತರು ಅದನ್ನು ಬರೆದುದು 1933ರಲ್ಲಿ. ಜೀತಪದ್ಧತಿಯನ್ನು ರದ್ದುಪಡಿಸುವ ಶಾಸನ ಬಂದುದು 1976ರಲ್ಲಿ.

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳಿರುವುದರಿಂದ ಲಿಂಡಾ ವಿಲರೋಸಾ ಅವರ 'ಅಂಡರ್ ದ ಸ್ಕಿನ್' (2022) ಕುರಿತೂ ಒಂದು ಮಾತು. ಅಮೆರಿಕದಲ್ಲಿ ಬಸಿರು-ಬಾಣಂತನದಲ್ಲಿ ಸಾಯುವ ಕಪ್ಪು ಹೆಂಗಸರ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ಬಡತನವೊಂದೇ ಕಾರಣವಲ್ಲ, ಓದಿದ ಉಳ್ಳವರಿಗೂ ಈ ಗತಿ ತಪ್ಪಿದ್ದಲ್ಲ ಎಂದು ಲೇಖಕಿ ತೋರಿಸುತ್ತಾರೆ. ಅವಮಾನವನ್ನು ದಿನದಿನವೂ ನುಂಗುವ ಶರೀರ ಬೇಗ ಸವೆಯುತ್ತದೆ. ವೈದ್ಯರು ನೋವಿನ ಮಾತನ್ನು ನಂಬುವುದಿಲ್ಲ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಮಟ್ಟವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುವುದುಂಟೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮಲ್ಲಿಯೂ ಗೋದಿಬಣ್ಣದವರಷ್ಟೇ ಇಲ್ಲವಲ್ಲ. ನಮ್ಮ ವೈದ್ಯಮಿತ್ರರು ಇದನ್ನು ಕುರಿತು ಬರೆದರೆ ಉಪಕಾರವಾದೀತು.

ವೈಟ್‌ಹೆಡ್ ಅವರ ಎರಡು ಕಾದಂಬರಿಗಳಲ್ಲಿ ಸುರಂಗದ ರೈಲಿನ ಕಥೆಗಿಂತ ಫ್ಲಾರಿಡಾದ ಸುಧಾರಣಾಶಾಲೆಯ ಕಥೆಯಾದ 'ದ ನಿಕಲ್ ಬಾಯ್ಸ್' ಮೇಲೆಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಏಕೆಂದರೆ ಇವೆಲ್ಲವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಎವರೆಟ್ ಅವರ 'ಜೇಮ್ಸ್' (2024). ಮಾರ್ಕ್ ಟ್ವೇನನ ಹಕಲ್‌ಬರಿ ಫಿನ್ ಕಥೆಯಲ್ಲಿ ಹುಡುಗನ ಜೊತೆಗಾರನಾಗಿ ಬರುವ ಗುಲಾಮ ಜಿಮ್, ಇಲ್ಲಿ ತಾನೇ ಕಥೆ ಹೇಳುತ್ತಾನೆ. ಅವನು ಗುಟ್ಟಾಗಿ ನ್ಯಾಯಾಧೀಶನ ಪುಸ್ತಕಗಳನ್ನು ಓದಿದವನು. ಗುಲಾಮರು ತಮ್ಮತಮ್ಮೊಳಗೆ ಶುದ್ಧವಾದ, ವಿಚಾರಪೂರ್ಣವಾದ ಭಾಷೆಯಲ್ಲಿ ಮಾತನಾಡುತ್ತಾರೆ. ಬಿಳಿಯನ ಸುಳಿವು ಕಂಡೊಡನೆ ತೊದಲುನುಡಿಗೆ ತಿರುಗುತ್ತಾರೆ. ಯಜಮಾನನಿಗೆ ತಾನೇ ಜಾಣನೆಂಬ ಸಮಾಧಾನ ತಪ್ಪದಂತೆ ಮಾತನಾಡುವುದು ಹೇಗೆಂದು ಜೇಮ್ಸ್ ಮಕ್ಕಳಿಗೆ ಪಾಠ ಹೇಳುವ ಭಾಗವನ್ನು ಓದುತ್ತ ನಗು ಬರುತ್ತದೆ, ಆ ನಗು ಗಂಟಲಿನಲ್ಲಿ ನಿಲ್ಲುತ್ತದೆ. ಅವನಿಗಾಗಿ ಒಂದು ಪೆನ್ಸಿಲ್ ತುಂಡನ್ನು ಕದ್ದುತಂದ ಯುವಕ ಅದಕ್ಕಾಗಿ ಪ್ರಾಣವನ್ನೇ ತೆರುತ್ತಾನೆ. ಆ ತುಂಡಿನಿಂದ ಜೇಮ್ಸ್ ಬರೆಯುತ್ತಾನೆ. ಮನೆಯಲ್ಲಿ ತುಳು ಅಥವಾ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಬಾಜಾರಿನಲ್ಲಿ ಬಂಬಯ್ಯಾ ಹಿಂದಿ, ಸರ್ಕಾರಿ ಕಟ್ಟೆಯೆದುರು ಮರಾಠಿ ಎಂದು ನಾಲಗೆ ಹೊರಳಿಸಿ ಬಾಳುವ ನಮಗೆ ಇದರ ರುಚಿ ಬೇಗ ಹತ್ತುತ್ತದೆ. ಪ್ರಾಣಭಯದಿಂದ ಹೊರಳಿಸುವುದರ ಕಹಿ ಮಾತ್ರ ನಮಗೆ ತಿಳಿಯದು.

ಇಂಥ ಪುಸ್ತಕ ಕನ್ನಡಕ್ಕೆ ಬರಬೇಕು. ಅಲೆಕ್ಸ್ ಹೇಲಿಯ 'ರೂಟ್ಸ್' ಬಂಜಗೆರೆ ಜಯಪ್ರಕಾಶರಿಂದ 'ತಲೆಮಾರು' ಎಂದು ಕನ್ನಡಕ್ಕೆ ಬಂದಿದೆ. ಅದಕ್ಕಿಂತ ಅಚ್ಚರಿಯ ಸಂಗತಿ ನೀನಾಸಂನವರದು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರಿಂದಲೇ ಚಿನುವ ಅಚೆಬೆಯ ಕಾದಂಬರಿಯ ರಂಗರೂಪವನ್ನು 'ಕಪ್ಪು ಜನ ಕೆಂಪು ನೆರಳು' ಎಂಬ ಹೆಸರಿನಲ್ಲಿ ಆಡಿಸಿದರು. ಆಫ್ರಿಕದಿಂದ ಗುಲಾಮರಾಗಿ ಪೋರ್ಚುಗೀಸರ ಗೋವೆಗೆ ಬಂದು ಅಲ್ಲಿಂದ ಘಟ್ಟದ ಕಾಡು ಸೇರಿದವರ ಪೀಳಿಗೆ ಈ ಸಿದ್ದಿಗಳದು. ಹಳಿಯಾಳ, ಯಲ್ಲಾಪುರ, ಅಂಕೋಲೆಗಳ ಕಡೆಯ ನಮ್ಮ ಸದಸ್ಯರಿಗೆ ನೆರೆಹೊರೆಯವರು. 2003ರಲ್ಲಿ ಅವರು ಪರಿಶಿಷ್ಟ ಪಂಗಡವೆನಿಸಿಕೊಂಡರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕಪ್ಪು ಲೇಖಕರೆಂದರೆ ನ್ಯೂಯಾರ್ಕಿನವರೇ ಆಗಬೇಕಾಗಿಲ್ಲ. ನಾಳೆ ಯಲ್ಲಾಪುರದಿಂದ ಒಬ್ಬರು ಕನ್ನಡದಲ್ಲಿಯೇ ಬರೆದಾರು.

'ಜೇಮ್ಸ್' ಅನುವಾದಕ್ಕೆ ಕೈಹಾಕುವವರಿಗೆ ತೊಡಕಿರುವುದು ಭಾಷೆಯಲ್ಲಿ. ಗುಲಾಮರ ಒಳಮಾತಿಗೆ ಯಾವ ಕನ್ನಡ, ಹೊರಮಾತಿಗೆ ಯಾವ ಕನ್ನಡ? ಒಳಮಾತಿಗೆ ಗ್ರಾಂಥಿಕವನ್ನೂ ಹೊರಮಾತಿಗೆ ಯಾವುದಾದರೊಂದು ಜಿಲ್ಲೆಯ ಆಡುನುಡಿಯನ್ನೂ ಬಳಸಿದರೆ ಆ ಜಿಲ್ಲೆಯವರಿಗೆ ಅಪಚಾರ. ಆಡುನುಡಿಯೆಂದರೆ ದಡ್ಡರ ನುಡಿಯಲ್ಲವೆಂಬುದನ್ನು ದೇವನೂರ ಮಹಾದೇವರು 'ಕುಸುಮಬಾಲೆ'ಯಲ್ಲಿ ತೋರಿಸಿಕೊಟ್ಟು, 1990ರಲ್ಲಿಯೇ ಸಾಹಿತ್ಯ ಅಕಾಡೆಮಿಯ ಮನ್ನಣೆಯನ್ನೂ ಪಡೆದಾಗಿದೆ. ಹಾಗಾದರೆ ಆ ತೊದಲುನುಡಿಯನ್ನು ಹೊಸದಾಗಿಯೇ ಕಟ್ಟಬೇಕಾದೀತು. ನಮ್ಮ ಬಳಗದಲ್ಲಿ ನಾಲ್ಕು ಭಾಷೆ ಬಲ್ಲ ತರುಣ ತರುಣಿಯರಿಗೆ ಕೊರತೆಯಿಲ್ಲ. ಮಕ್ಕಳಿಗೆ ಪಾಠ ಹೇಳುವ ಆ ಒಂದು ಭಾಗವನ್ನಾದರೂ ಯಾರಾದರೂ ಕನ್ನಡಿಸಿ ಮುಂದಿನ ವರ್ಷದ ಸಂಚಿಕೆಗೆ ಕಳುಹಿಸಿದರೆ ಸಂಪಾದಕರು ಸ್ಥಳ ಮಾಡಿಕೊಡದಿರಲಾರರು. ಪ್ರಕಾಶಕರ ಅನುಮತಿಯನ್ನು ಮಾತ್ರ ಮುಂಚಿತವಾಗಿ ಪಡೆದಿರಬೇಕು.