ಅಂಚೆ ಕಚೇರಿಯೂ ಚುನಾವಣೆಯ ಕರಪತ್ರವೂ

ಪುರಸಭೆಯ ಚುನಾವಣೆ ಬಂತೆಂದರೆ ನಮ್ಮ ಊರಿನ ಚರಂಡಿಗಳ ಹೂಳು ಮೇಲಕ್ಕೆ ಬರುತ್ತದೆ, ಬೀದಿ ದೀಪಗಳು ಹಗಲಿನಲ್ಲಿಯೂ ಉರಿಯುತ್ತವೆ, ಕರಪತ್ರಗಳು ಬಾಗಿಲ ಸಂದಿಯಿಂದ ತೂರಿ ಒಳಗೆ ಬೀಳುತ್ತವೆ. ಕಳೆದ ಸಲ ನನ್ನ ಕೈಗೆ ಬಂದ ಕರಪತ್ರಗಳಲ್ಲಿ ಕುಡಿಯುವ ನೀರು, ಒಳಚರಂಡಿ, ಉದ್ಯಾನವನಗಳ ಜೊತೆಗೆ ಇನ್ನೊಂದು ಸಾಲೂ ಇತ್ತು: ಮುಚ್ಚಿಹೋದ ಬಡಾವಣೆಯ ಅಂಚೆ ಕಚೇರಿಯನ್ನು ಮರಳಿ ತರುತ್ತೇವೆ ಎಂದು. ಪರಸ್ಪರ ಮುಖ ನೋಡದ ಇಬ್ಬರು ಅಭ್ಯರ್ಥಿಗಳು ಈ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದರು. ಈ ಬಗೆಗೆ ನಿಮ್ಮ ಅಭಿಪ್ರಾಯವೇನು ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳಿದ್ದಾರೆ. ಎಲ್ಲರಿಗೂ ಒಂದೇ ಉತ್ತರವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಪೌರನೀತಿಯ ತರಗತಿಯಲ್ಲಿ ನೀವೆಲ್ಲ ಉರು ಹೊಡೆದದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಅಂಚೆ ಮತ್ತು ತಂತಿ ಕೇಂದ್ರ ಪಟ್ಟಿಯ 31ನೆಯ ಬಾಬು; ಅಂಚೆ ಕಚೇರಿಯ ಉಳಿತಾಯ ಬ್ಯಾಂಕು 39ನೆಯದು. 1992ರ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ರಸ್ತೆ, ನೀರು, ದೀಪ, ಉದ್ಯಾನ, ಸ್ಮಶಾನ ಎಲ್ಲವೂ ಅಲ್ಲಿವೆ, ಅಂಚೆ ಇಲ್ಲ. ಹೀಗಿರುವಾಗ ವಾರ್ಡಿನ ಅಭ್ಯರ್ಥಿ ಅಂಚೆ ಕಚೇರಿಯ ಭರವಸೆ ಕೊಡುವುದು ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆಯ ಹಾಗೆಯೇ ಸರಿ.

ಹಾಗೆಂದು ಇದು ಸ್ಥಳೀಯ ರಾಜಕಾರಣದ ವಿಷಯವೇ ಅಲ್ಲವೆನ್ನುವವರ ಮಾತನ್ನೂ ನಾನು ಒಪ್ಪಲಾರೆ. ಕಾಗದ ಬರೆಯುವವರು ಈಗ ಇಲ್ಲವೆಂಬುದು ನಿಜ. ಆದರೆ ಮೂರು ತಿಂಗಳಿಗೊಮ್ಮೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ತೆಗೆದುಕೊಳ್ಳುವವರು, ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆಗೆ ಹಣ ಕಟ್ಟುವವರು, ಮನೆಗೆಲಸದ ಸಂಬಳದಲ್ಲಿ ಮಿಗಿಸಿ ಆರ್.ಡಿ. ಕಟ್ಟುವ ಹೆಂಗಸರು ಇದ್ದಾರೆ. ಇವರು ನಡೆದು ಹೋಗುವವರು. ಕಚೇರಿ ಎರಡು ಕಿಲೋಮೀಟರು ದೂರ ಸರಿದರೆ ಹೋಗಿಬರಲು ಆಟೋ ಹಿಡಿಯಬೇಕು. ನೂರು ರೂಪಾಯಿಯ ಆರ್.ಡಿ. ಕಂತಿಗೆ ಆಟೋ ಬಾಡಿಗೆ ಯಾರು ಕೊಟ್ಟಾರು?

ನಮ್ಮ ಬಡಾವಣೆಯಲ್ಲಿ ನಡೆದದ್ದು ಅದೇ. ಕಚೇರಿ ಒಂದೇ ದಿನ ಮುಚ್ಚಲಿಲ್ಲ. ಮೊದಲು ಪೋಸ್ಟ್‌ಮನ್‌ಗಳನ್ನು ದೊಡ್ಡ ಕಚೇರಿಗೆ ಕರೆಸಿಕೊಂಡು ಬಟವಾಡೆಯನ್ನು ಅಲ್ಲಿಂದಲೇ ನಡೆಸಿದರು. ಆಗ ಯಾರೂ ಮಾತನಾಡಲಿಲ್ಲ. ನಂತರ ನಿವೃತ್ತರಾದ ಗುಮಾಸ್ತರ ಜಾಗಕ್ಕೆ ಬೇರೊಬ್ಬರು ಬರಲಿಲ್ಲ. ಎರಡು ಕೌಂಟರು ಒಂದಾಯಿತು. ಸರದಿ ಉದ್ದವಾಯಿತು, ಜನ ಬೇರೆ ಕಡೆ ಹೋದರು, ವ್ಯವಹಾರ ಇಳಿಯಿತು. ಕಡೆಗೆ ಬಾಡಿಗೆ ಕಟ್ಟಡದ ಕರಾರು ಮುಗಿದಾಗ ಬಾಗಿಲಿಗೆ ‘ವಿಲೀನ’ ಎಂಬ ಚೀಟಿ ಅಂಟಿತು. ಅಭ್ಯರ್ಥಿಗಳು ಆ ಚೀಟಿಯನ್ನು ಕಂಡ ಮೇಲೆ ಎಚ್ಚೆತ್ತರು. ಎಚ್ಚರವಾಗಬೇಕಾದದ್ದು ಪೋಸ್ಟ್‌ಮನ್‌ಗಳು ಹೊರಟ ದಿನ.

ಇಂಗ್ಲೆಂಡಿನಲ್ಲಿರುವ ನನ್ನ ಶಿಷ್ಯರಿಗೆ ಇಂಥದೇ ಇನ್ನೊಂದು ಕಥೆ ತಿಳಿದಿರಬಹುದು. 2007ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸರ್ಕಾರ ಸುಮಾರು 14,000 ಅಂಚೆ ಕಚೇರಿಗಳ ಪೈಕಿ 2,500ರವರೆಗೆ ಮುಚ್ಚುವುದಾಗಿ ಸಾರಿತು. ಪ್ರತಿ ಪ್ರದೇಶದ ಜನರ ಅಭಿಪ್ರಾಯ ಕೇಳಲು ಕೊಟ್ಟ ಕಾಲ ಆರು ವಾರ. ಊರೂರಿನಲ್ಲಿ ಸಹಿ ಸಂಗ್ರಹ ನಡೆಯಿತು, ಎಲ್ಲ ಪಕ್ಷದವರೂ ಫಲಕ ಹಿಡಿದು ಫೋಟೋಕ್ಕೆ ನಿಂತರು. ಮುಚ್ಚುವ ಕಾರ್ಯಕ್ರಮವನ್ನು ತಡೆಹಿಡಿಯಬೇಕೆಂಬ ನಿರ್ಣಯ 2008ರ ಮಾರ್ಚಿನಲ್ಲಿ ಪಾರ್ಲಿಮೆಂಟಿಗೆ ಬಂದಾಗ ಅದು ಕೇವಲ 20 ಮತಗಳ ಅಂತರದಿಂದ ಬಿದ್ದುಹೋಯಿತು. ಸ್ವಕ್ಷೇತ್ರದಲ್ಲಿ ಫಲಕ ಹಿಡಿದಿದ್ದ ಆಡಳಿತ ಪಕ್ಷದವರಲ್ಲಿ ಹಲವರು ಸದನದಲ್ಲಿ ಸರ್ಕಾರದ ಪರ ಕೈ ಎತ್ತಿದರೆಂಬ ಟೀಕೆ ಬಲವಾಗಿಯೇ ಕೇಳಿಬಂತು. ಇದರ ನಡುವೆ ಎಸೆಕ್ಸ್ ಪ್ರಾಂತದ ಸ್ಥಳೀಯ ಆಡಳಿತ ಅದೇ ವರ್ಷ ತನ್ನ ಬೊಕ್ಕಸದಿಂದಲೇ ಹಣ ಕೊಟ್ಟು, ಮುಚ್ಚಿದ ಕೆಲವು ಕಚೇರಿಗಳನ್ನು ತೆರೆಯಿಸಲು ಮುಂದಾಯಿತು. ಅಧಿಕಾರ ತನ್ನದಲ್ಲದಿದ್ದರೂ ಸ್ಥಳೀಯ ಸಂಸ್ಥೆ ಮಾಡಬಹುದಾದ ಕೆಲಸ ಇರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಲ್ಲಿಯ ಕಾರ್ಯಕ್ರಮದಿಂದ ನಾವು ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಮುಚ್ಚುವಾಗಲೂ ಅವರು ಒಂದು ಅಳತೆಗೋಲನ್ನು ಮುಂದಿಟ್ಟಿದ್ದರು: ದೇಶದ ಶೇಕಡಾ 99ರಷ್ಟು ಜನರಿಗೆ ಮೂರು ಮೈಲಿಯೊಳಗೆ, ಶೇಕಡಾ 90ರಷ್ಟು ಜನರಿಗೆ ಒಂದು ಮೈಲಿಯೊಳಗೆ ಅಂಚೆ ಕಚೇರಿ ಇರಬೇಕು. ನಮ್ಮಲ್ಲಿ ಹೊಸ ಕಚೇರಿ ತೆರೆಯುವುದಕ್ಕೂ ನಿಯಮಗಳಿವೆ. ಸಾಮಾನ್ಯ ಗ್ರಾಮಾಂತರದಲ್ಲಿ 3,000 ಜನಸಂಖ್ಯೆ, ಇರುವ ಕಚೇರಿಯಿಂದ 3 ಕಿಲೋಮೀಟರು ಅಂತರ. 20 ಲಕ್ಷ ಮೀರಿದ ನಗರಗಳಲ್ಲಿ ಒಂದೂವರೆ, ಉಳಿದ ಪಟ್ಟಣಗಳಲ್ಲಿ 2 ಕಿಲೋಮೀಟರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅವರ ನಿಯಮ ‘ಇದಕ್ಕಿಂತ ದೂರ ಇರಕೂಡದು’ ಎನ್ನುತ್ತದೆ. ನಮ್ಮದು ‘ಇದಕ್ಕಿಂತ ಹತ್ತಿರ ಇರಕೂಡದು’ ಎನ್ನುತ್ತದೆ. ಮೊದಲನೆಯದು ನಡೆಯುವವನ ಕಾಲಿನಿಂದ ಅಳೆದದ್ದು, ಎರಡನೆಯದು ಇಲಾಖೆಯ ಲೆಕ್ಕದ ಪುಸ್ತಕದಿಂದ ಅಳೆದದ್ದು.

ಇಲಾಖೆಯ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. 1947ರಲ್ಲಿ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು. ಇಂದು ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು, ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿವೆ. ಇದು ಸಣ್ಣ ಸಾಧನೆಯಲ್ಲ. 2013ರ ಜುಲೈನಲ್ಲಿ ತಂತಿ ನಿಂತಿತು, 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಕಾಲ ಬದಲಾದಾಗ ಕಚೇರಿಯೂ ಬದಲಾಗಬೇಕು. ಒಂದೇ ರಸ್ತೆಯ ಎರಡು ತುದಿಗಳಲ್ಲಿ ಎರಡು ಕಚೇರಿಗಳಿದ್ದರೆ ಒಂದಾಗಲಿ. ನನ್ನ ತಕರಾರು ವಿಲೀನದ ಮೇಲಲ್ಲ, ಕೇಳದೆ ಮಾಡುವ ವಿಲೀನದ ಮೇಲೆ.

ಜನರಿಗೆ ಅಂಚೆ ಕಚೇರಿ ಬೇಡವಾಗಿದೆ ಎನ್ನುವವರು 2024ರ ಮೇ ಕೊನೆಯಲ್ಲಿ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಮುಂದೆ ನಿಂತ ಸಾಲನ್ನು ನೆನಪಿಸಿಕೊಳ್ಳಲಿ. ಲೋಕಸಭಾ ಚುನಾವಣೆಯ ನಂತರ ಖಾತೆಗೆ ತಿಂಗಳಿಗೆ ಎಂಟೂವರೆ ಸಾವಿರ ಬೀಳುತ್ತದೆಂಬ ವದಂತಿ ನಂಬಿ ಸಾವಿರಾರು ಹೆಂಗಸರು ಬೆಳಗಿನ ಜಾವದಿಂದಲೇ ಕಾದಿದ್ದರು. ವದಂತಿ ಸುಳ್ಳಾಯಿತು. ಆದರೆ ಸರ್ಕಾರದ ಹಣ ತನ್ನ ಕೈಸೇರುವುದಾದರೆ ಅದು ಅಂಚೆ ಕಚೇರಿಯ ಮೂಲಕವೇ ಸೇರೀತೆಂಬ ಅವರ ನಂಬಿಕೆ ಸುಳ್ಳಲ್ಲ. ಆ ನಂಬಿಕೆ ತಲೆಮಾರುಗಳ ಗಳಿಕೆ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಡನೆ ಸೇರಿತು. ಆದರೂ ‘ಅಂಚೆ’ ಎಂಬ ಹೆಸರನ್ನು ನಮ್ಮ ಜನ ಬಿಡಲಿಲ್ಲ.

ಆದ್ದರಿಂದ ಮತ ಕೇಳಲು ಬಂದವರಿಗೆ ನಾವು ಹಾಕಬೇಕಾದ ಪ್ರಶ್ನೆ ‘ಅಂಚೆ ಕಚೇರಿ ತರುತ್ತೀರಾ?’ ಎಂಬುದಲ್ಲ. ಪುರಸಭೆಯ ಮಳಿಗೆಯಲ್ಲಿ ಒಂದು ಕೋಣೆಯನ್ನು ಕಡಿಮೆ ಬಾಡಿಗೆಗೆ ಕೊಡುವಿರಾ? ಹಾಗೆಂದು ಮೊದಲ ಸಭೆಯಲ್ಲಿಯೇ ಠರಾವು ಮಾಡಿ ಅಂಚೆ ಅಧೀಕ್ಷಕರಿಗೂ ಸಂಸದರಿಗೂ ಕಳುಹಿಸುವಿರಾ? ಇವು ಅವರ ಕೈಯಲ್ಲಿರುವ ಕೆಲಸಗಳು. ಲೋಕಸಭೆಗೆ ನಿಲ್ಲುವವರಿಗೆ ಕೇಳಬೇಕಾದದ್ದು ಬೇರೆ: ಇಂತಿಷ್ಟು ದೂರದೊಳಗೆ ಅಂಚೆ ಕಚೇರಿ ಇರಲೇಬೇಕೆಂಬ ನಿಯಮಕ್ಕಾಗಿ ಸದನದಲ್ಲಿ ಮಾತನಾಡುವಿರಾ? ಹಳ್ಳಿಯಲ್ಲಿರುವವರು ಪಂಚಾಯಿತಿಗೆ ಕೋಣೆಯ ಮಾತನ್ನೇ ಕೇಳಬಹುದು. ಅಲ್ಲಿ ದಿನಕ್ಕೆ ನಾಲ್ಕೈದು ಗಂಟೆ ದುಡಿಯುವ ಗ್ರಾಮೀಣ ಡಾಕ್ ಸೇವಕರು ಸಾಮಾನ್ಯವಾಗಿ ಜಾಗವನ್ನು ತಾವೇ ಒದಗಿಸಬೇಕಾಗಿರುತ್ತದೆ.

ಕೊನೆಯದಾಗಿ, ದೂರದ ಊರುಗಳಲ್ಲಿರುವ ನಿಮಗೆ ಒಂದು ಮಾತು. ನಿಮ್ಮ ತಂದೆತಾಯಿಯರ ಬಡಾವಣೆಯಲ್ಲಿ ಅಂಚೆ ಕಚೇರಿ ಇನ್ನೂ ತೆರೆದಿದ್ದರೆ, ಊರಿಗೆ ಬಂದಾಗ ಅಲ್ಲಿ ಒಂದು ಖಾತೆ ತೆರೆಯಿರಿ. ವ್ಯವಹಾರವಿರುವ ಕಚೇರಿಯನ್ನು ಮುಚ್ಚುವುದು ಯಾರಿಗೂ ಸುಲಭವಲ್ಲ.