ಕೈಕೆಲಸದ ಕಟ್ಟೆ: ತೊಗಲಿನ ಹಸಿ ಆರದಂತೆ

ಮಕ್ಕಳೇ, ಈ ವಾರದ ಕೆಲಸಕ್ಕೆ ಅಂಗೈ ಅಗಲದ ತೊಗಲಿನ ತುಂಡೊಂದು ಬೇಕು. ಅದರ ಮೇಲೆ ಎಲೆಯ ಚಿತ್ರ ಒತ್ತಿ, ಪುಸ್ತಕದೊಳಗೆ ಇಡುವ ಗುರುತುಪಟ್ಟಿ ಮಾಡೋಣ. ಇದು ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಇಂದು ಸ್ವಲ್ಪ, ನಾಳೆ ಶಾಲೆಯಿಂದ ಬಂದ ಮೇಲೆ ಸ್ವಲ್ಪ. ನಡುವೆ ತೊಗಲು ಒಣಗಿಬಿಟ್ಟರೆ ಗೆರೆ ಇಳಿಯುವುದಿಲ್ಲ. ಅತಿಯಾಗಿ ನೆನೆದಿದ್ದರೆ ಇಳಿದ ಗೆರೆ ನಿಲ್ಲುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬೇಸಗೆಯಲ್ಲಿ ಒದ್ದೆ ಬಟ್ಟೆ ಎಷ್ಟು ಬೇಗ ಒಣಗುತ್ತದೆಂದು ನಿಮಗೇ ಗೊತ್ತು. ತೊಗಲಿಗೂ ಅದೇ ಗತಿ. ಅದರ ಹಸಿ ಕಾಯುವುದೇ ಈ ಕೆಲಸದ ಅರ್ಧ ಪಾಲು.

ಹಸಿ ಏಕೆ ಬೇಕು? ತೊಗಲೆಂದರೆ ಒಂದರೊಳಗೊಂದು ಹೆಣೆದುಕೊಂಡ ಸಣ್ಣ ಸಣ್ಣ ನಾರುಗಳು. ನಡುವೆ ನೀರಿದ್ದರೆ ಅವು ಜರುಗುತ್ತವೆ, ಒತ್ತಿದಂತೆ ಬಾಗುತ್ತವೆ. ನೀರು ಆರಿದಾಗ ಬಾಗಿದಲ್ಲೇ ಬಿಗಿದುಕೊಳ್ಳುತ್ತವೆ. ಚಿತ್ರ ಉಳಿಯುವುದು ಹೀಗೆ.

ನಮ್ಮ ಸೀಮೆಗೆ ಇದು ಹೊಸ ವಿದ್ಯೆಯಲ್ಲ. ತಲಪರಿಗೆಯಲ್ಲಿ ನೀರು ತಾನಾಗಿ ಉಕ್ಕುತ್ತಿತ್ತು. ಆಳದ ಬಾವಿಯ ನೀರಿಗೆ ಕಪಿಲೆ ಬೇಕಿತ್ತು. ಕಪಿಲೆಗೆ ದೊಡ್ಡ ತೊಗಲಿನ ಚೀಲ, ಅದರ ಕೆಳಗೆ ಆನೆಯ ಸೊಂಡಿಲಿನಂಥ ತೊಗಲಿನ ಕೊಳವೆ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಂತೆ ಚೀಲ ಮೇಲೇರಿ, ಸೊಂಡಿಲಿನಿಂದ ನೀರು ದೋಣಿಗೆ ಸುರಿಯುತ್ತಿತ್ತು. ದಿನವೂ ನೀರು ಕಂಡ ಚೀಲ ಮೆತ್ತಗಿರುತ್ತದೆ. ತಿಂಗಳುಗಟ್ಟಲೆ ಒಣಗಿದ್ದು ಹಲಗೆಯಂತೆ ಸೆಟೆದು, ಮಡಿಸಿದಲ್ಲಿ ಬಿರಿಯುತ್ತದೆ. ಅದನ್ನು ನೆನೆಹಾಕಿ, ಎಣ್ಣೆ ಉಣಿಸಿ ಹದಕ್ಕೆ ತರಬೇಕು. ಈ ಹದ ಬಲ್ಲವರು ಚೀಲ ಹೊಲಿಯುತ್ತಿದ್ದ ಮಾದಿಗರು. ಅವರ ಕೈ ನಡೆಯದಿದ್ದರೆ ಊರಿನ ತೋಟಕ್ಕೆ ನೀರಿಲ್ಲ.

ಚಪ್ಪಲಿ ಹೊಲಿಯುವವರ ಪಕ್ಕದಲ್ಲಿ ನೀರಿನ ಬಟ್ಟಲು ಇರುವುದನ್ನು ಗಮನಿಸಿ. ಅದೂ ಇದೇ ಕಾರಣಕ್ಕೆ. ಬೇಕಾದ ತುಂಡನ್ನು ಅವರನ್ನೇ ಕೇಳಿ, ದುಡ್ಡು ಕೊಟ್ಟು ತನ್ನಿ. ತೊಗಟೆಯಲ್ಲಿ ಹದ ಮಾಡಿದ, ಬಣ್ಣ ಬಳಿಯದ ತೊಗಲು ಬೇಕೆನ್ನಿ. ಗುಡ್ಡದ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆಯೂ ಅಣಲೆಕಾಯಿಯೂ ತೊಗಲು ಹದ ಮಾಡುವ ಹಳೆಯ ಸಾಮಗ್ರಿ. ಒಂದು ಹನಿ ನೀರು ಬಿಟ್ಟು ನೋಡಿ. ಹೀರಿಕೊಂಡು ಕಪ್ಪಾದರೆ ನಮಗೆ ಆಗುತ್ತದೆ. ಹನಿ ಜಾರಿಹೋದರೆ ಬೇಡ.

ಈಗ ಕೆಲಸಕ್ಕೆ ಬನ್ನಿ. ಸ್ಪಂಜಿನಿಂದ ಇಡೀ ತುಂಡನ್ನು ಒಂದೇ ಸಮನಾಗಿ ಒದ್ದೆ ಮಾಡಿ. ಒಂದೇ ಕಡೆ ನೀರು ಬಿದ್ದರೆ ಕಲೆ ಉಳಿಯುತ್ತದೆ. ಕೂಡಲೇ ಗೆರೆ ಎಳೆಯಬೇಡಿ. ಮೇಲಿನ ಬಣ್ಣ ಮೊದಲಿನಂತಾಗುತ್ತ ಬರಲಿ. ಆಗ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಹಸಿ ಇದೆ, ಹದ ಬಂದಿದೆ. ಮಸಿ ಮುಗಿದ ಬಾಲ್‌ಪೆನ್ನಿನಿಂದ ನಿಧಾನವಾಗಿ ಒತ್ತಿ ಗೆರೆ ಎಳೆಯಿರಿ. ನಡುವೆ ಗೆರೆ ತೆಳುವಾಗತೊಡಗಿದರೆ ಮತ್ತೆ ಇಡೀ ತುಂಡಿಗೆ ಸ್ಪಂಜು ಸವರಿ.

ಉಳಿದದ್ದು ನಾಳೆಗೆ ಎಂದಿರಾ? ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಗಾಳಿ ತೆಗೆದು ಬಾಯಿ ಮುಚ್ಚಿ ನೆರಳಲ್ಲಿಡಿ. ನೀರು ತೊಟ್ಟಿಕ್ಕುವಂತಿರಬಾರದು. ರಾತ್ರಿ ಕಳೆಯುವುದರೊಳಗೆ ಹಸಿ ಒಳಗೆಲ್ಲ ಸಮನಾಗಿ ಹರಡಿ, ಮರುದಿನ ಕೆಲಸ ಇನ್ನೂ ಸುಲಭವಾಗುತ್ತದೆ. ಇನ್ನೊಂದು ದಿನ ತಡವಾದರೆ ಫ್ರಿಜ್ಜಿನಲ್ಲಿಡಿ. ಅದಕ್ಕೂ ಹೆಚ್ಚಾದರೆ ಹಸಿ ಇಡಬೇಡಿ, ಬೂಷ್ಟು ಬರುತ್ತದೆ. ಪೂರ್ತಿ ಒಣಗಿಸಿ, ಬೇಕಾದಾಗ ಮತ್ತೆ ನೆನೆಸಿಕೊಳ್ಳಿ. ಒತ್ತಿದ ಗೆರೆ ಅಷ್ಟಕ್ಕೆ ಅಳಿಸಿಹೋಗದು.

ಒಂದು ಎಚ್ಚರಿಕೆ. ಹಸಿ ತೊಗಲಿನ ಮೇಲೆ ಕಬ್ಬಿಣದ ಪಿನ್ನು, ಕ್ಲಿಪ್ಪು ಬಿಡಬೇಡಿ. ತೊಗಟೆಯ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪು ಕಲೆ ಬೀಳುತ್ತದೆ. ಹಿಂದೆ ಅಣಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಚಿತ್ರ ಮುಗಿದ ಮೇಲೆ ನೆರಳಲ್ಲಿ ಒಣಗಿಸಿ, ಒಂದೆರಡು ಹನಿ ಹರಳೆಣ್ಣೆ ತಿಕ್ಕಿ.

ಅಜ್ಜ ಅಜ್ಜಿಯರೇ, ಇನ್ನು ನಿಮ್ಮ ಸರದಿ. ತುಂಡು ಒಣಗುವಷ್ಟು ಹೊತ್ತು ಮಕ್ಕಳಿಗೆ ಕಪಿಲೆಯ ಕಥೆ ಹೇಳಿ. ಎತ್ತುಗಳ ಹೆಸರು, ಕಪಿಲೆ ಹೊಡೆಯುವಾಗಿನ ಹಾಡು ಎಲ್ಲ ಇರಲಿ. ಜೊತೆಗೆ ಚೀಲ ಹೊಲಿದವರ ಹೆಸರನ್ನೂ ಹೇಳಿ. ಅವರಿಗೆ ಆ ಬಾವಿಯ ನೀರನ್ನು ತಾವೇ ಸೇದಿ ಕುಡಿಯುವ ಹಕ್ಕಿತ್ತೇ? ಮಕ್ಕಳು ಕೇಳಿದರೆ ಮರೆಮಾಚಬೇಡಿ. ನಾಡಿನ ಎಷ್ಟೋ ಊರುಗಳಲ್ಲಿ ಇರಲಿಲ್ಲ. 1927ರಲ್ಲಿ ಡಾ. ಅಂಬೇಡ್ಕರ್ ಮಹಾಡ್‌ನ ಚೌದಾರ್ ಕೆರೆಗೆ ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದದ್ದು ಈ ಹಕ್ಕಿಗಾಗಿಯೇ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಶರಣ ಮಾದಾರ ಚೆನ್ನಯ್ಯನವರಂತೂ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ತಮ್ಮ ಕಸುಬಿನ ಸಲಕರಣೆಗಳ ಹೆಸರನ್ನು ವಚನದ ಅಂಕಿತದಲ್ಲೇ ಇಟ್ಟುಕೊಂಡಿದ್ದರು.

ಮಕ್ಕಳೇ, ಅಜ್ಜ ಅಜ್ಜಿ ಹೇಳಿದ ಆ ಹೆಸರನ್ನು ಗುರುತುಪಟ್ಟಿಯ ಹಿಂಬದಿಯಲ್ಲಿ ಬರೆಯಿರಿ. ನೀವು ಒಂದು ರಾತ್ರಿ ಕಾದ ಹಸಿಯನ್ನು ಅವರು ಜೀವಮಾನವಿಡೀ ಕಾದವರು.